ಶೀತ-ಕೆಮ್ಮಿಗೆ ಮನೆಮದ್ದು: ಯಾವುದು, ಎಷ್ಟು, ಎಷ್ಟು ದಿನ?

ಮೃಗಶಿರ ಮಳೆ ಹಿಡಿಯಿತು ಅಂದರೆ ಓದುಗರ ಪ್ರಶ್ನೆಗಳೂ ಹಿಡಿದ ಹಾಗೆಯೇ. "ಕೆಮ್ಮಿಗೆ ಆಡುಸೋಗೆ ಒಳ್ಳೇದಂತೆ, ಎಷ್ಟು ಎಲೆ ಹಾಕಬೇಕು?" "ಮಗುವಿಗೆ ದೊಡ್ಡಪತ್ರೆ ರಸ ಕೊಡಬಹುದಾ?" "ಮೂರು ದಿನ ಕಷಾಯ ಕುಡಿದೆ, ಈಗ ಹೊಟ್ಟೆ ಉರಿ, ಏನು ಮಾಡಲಿ?"

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಗಿಡದ ಹೆಸರು ಹೇಳಿಕೊಡಬೇಕಾಗಿಲ್ಲ. ಹಿತ್ತಲಲ್ಲೇ ಇದೆ. ಕುಮಟಾ, ಅಂಕೋಲಾ, ಕಾರವಾರದ ಕಡೆಯೂ ಅಷ್ಟೇ. ಅಲ್ಲಿನ ಕೊಂಕಣಿ ಮನೆಗಳಲ್ಲಿ ಕಷಾಯಕ್ಕೆ 'ಕಾಡೊ' ಅಂತಾರೆ, ಒಳಗೆ ಬೀಳುವ ಸಾಮಾನು ಹೆಚ್ಚುಕಡಿಮೆ ಒಂದೇ. ತಪ್ಪುವುದು ಅಳತೆ. ಅಜ್ಜಿ "ಒಂದು ಮುಷ್ಟಿ" ಅಂದಿದ್ದು ಅವಳ ಮುಷ್ಟಿಯ ಲೆಕ್ಕದಲ್ಲಿ. ನಮಗೆ ಉಳಿದಿದ್ದು ಮಾತು ಮಾತ್ರ. ಅದಕ್ಕೇ "ಖಾರ ಜಾಸ್ತಿ ಆದಷ್ಟೂ ಒಳ್ಳೇದು" ಅಂತ ಮೆಣಸಿನಕಾಳು ಸುರಿಯುತ್ತೇವೆ, ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂರುತ್ತೇವೆ.

ನಾನು ವೈದ್ಯನಲ್ಲ. ಅಡುಗೆಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದಷ್ಟನ್ನು ಮಾತ್ರ ಇಲ್ಲಿ ಹೇಳುತ್ತೇನೆ.

1. ಮೊದಲು, ಇದು ಬರೀ ಶೀತವೇ ನೋಡಿ

ಮೂಗು ಸೋರುವುದು, ಸೀನು, ಗಂಟಲು ಕೆರೆತ, ಸಣ್ಣ ಜ್ವರ, ಮೈ ಭಾರ. ಇಷ್ಟಿದ್ದರೆ ಸಾಮಾನ್ಯ ಶೀತ. ವೈರಸ್ಸಿನಿಂದ ಬರುತ್ತದೆ, 7ರಿಂದ 10 ದಿನದಲ್ಲಿ ತಾನಾಗಿ ಹೋಗುತ್ತದೆ. ಕೆಮ್ಮು ಮಾತ್ರ ಅದರ ಬೆನ್ನಿಗೇ ಇನ್ನೊಂದಷ್ಟು ದಿನ ಉಳಿಯಬಹುದು. ಕಷಾಯ ಕುಡಿದರೆ ವೈರಸ್ ಮಾರನೇ ದಿನ ಓಡಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಂಟಲು ಮೆತ್ತಗಾಗುತ್ತದೆ, ಕಫ ಸಡಿಲಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಶೀತದವರಿಗೆ ಬೇಕಾದದ್ದು ಅದೇ ಅಲ್ವಾ? ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯಾಟಿಕ್ ತರುವುದಂತೂ ಬೇಡ. ಅದು ಬ್ಯಾಕ್ಟೀರಿಯಾಕ್ಕೆ, ವೈರಸ್ಸಿಗೆ ನಾಟುವುದಿಲ್ಲ.

ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶೀತದ ಹಾಗೆ ಶುರುವಾಗುವ ಬೇರೆ ಜ್ವರಗಳೂ ಇವೆ. ಅವನ್ನು ಕಷಾಯ ಕುಡಿಯುತ್ತಾ ಕಾಯಬಾರದು.

ಡಿಸೆಂಬರಿನಿಂದ ಮೇ ತಿಂಗಳವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದ ಕಾಯಿಲೆ ಇದು. ಸಿದ್ದಾಪುರ, ಹೊನ್ನಾವರದ ಕಡೆಯೂ ಕಾಣಿಸಿಕೊಂಡಿದೆ. ಉಣುಗು ಕಚ್ಚಿ ಬರುತ್ತದೆ. ಸೊಪ್ಪು, ದರಕು ತರಲು ಕಾಡಿಗೆ ಹೋಗಿಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಡೆಯಲಾರದ ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕಾಡಿಗೆ ಹೋಗಿದ್ದನ್ನು, ಆಸುಪಾಸಿನಲ್ಲಿ ಮಂಗ ಸತ್ತಿದ್ದರೆ ಅದನ್ನೂ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಮಳೆಗಾಲದಲ್ಲಿ ಗದ್ದೆ ನೀರಿನಲ್ಲಿ ಓಡಾಡಿದವರಿಗೆ ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪಾದರೆ ಇಲಿಜ್ವರ ಇರಬಹುದು. ಡೆಂಗಿ ಕೂಡ ಇದೇ ಕಾಲದ್ದು. ಡೆಂಗಿಯ ಅನುಮಾನ ಇದ್ದಾಗ ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆ ನುಂಗಬೇಡಿ, ರಕ್ತ ಸೋರುವ ಅಪಾಯ ಹೆಚ್ಚುತ್ತದೆ.

ಉಸಿರು ಕಟ್ಟಿದರೆ, ಎದೆ ನೋವಿದ್ದರೆ, ಕಫದಲ್ಲಿ ರಕ್ತ ಕಂಡರೆ, ಜ್ವರ ಮೂರು ದಿನ ದಾಟಿದರೆ ಮನೆಮದ್ದು ಅಲ್ಲಿಗೆ ನಿಲ್ಲಿಸಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಅದು ಕ್ಷಯದ ಪರೀಕ್ಷೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಹತ್ತರಲ್ಲಿ ಒಂಬತ್ತು ಸಲ ಏನೂ ಇರಲಿಕ್ಕಿಲ್ಲ, ಆದರೂ ನಾಚಿಕೆ ಬಿಟ್ಟು ಮಾಡಿಸಿ.

ಸಣ್ಣ ಮಕ್ಕಳಾದರೆ ಉಸಿರು ಎಣಿಸಲು ಕಲಿತುಕೊಳ್ಳಿ. ಮಗು ಅಳದೆ ಮಲಗಿರುವಾಗ ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಶಿಶುವಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಇದನ್ನು ಮುಟ್ಟಿದರೆ ಅಥವಾ ದಾಟಿದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ರಾತ್ರಿಯಾಗಿದ್ದರೂ ಹೊರಡಿ.

2. ಸೊಪ್ಪು ಎಲ್ಲಿಂದ ಕೊಯ್ಯುತ್ತೀರಿ?

ಇದನ್ನು ಯಾರೂ ಕೇಳುವುದಿಲ್ಲ. ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ.

ಮಳೆ ಶುರುವಾಗುವ ಹೊತ್ತಿಗೆ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೊ ಹೊಡೆಯುತ್ತಾರೆ. 40-45 ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಔಷಧ ಅದು. ಮೇಲೆ ಅಡಿಕೆ ಗೊನೆಗೆ ಹೊಡೆದದ್ದು ಕೆಳಗೆ ವೀಳ್ಯದೆಲೆ ಬಳ್ಳಿಗೆ, ಮೆಣಸಿನ ಬಳ್ಳಿಗೆ, ಬದಿಯ ತುಳಸಿಗೆ, ದೊಡ್ಡಪತ್ರೆಗೆ ಬೀಳದೇ ಇರುತ್ತದೆಯೇ? ನಮ್ಮನೆಯಲ್ಲಿ ಒಮ್ಮೆ ಕಷಾಯಕ್ಕೆಂದು ತಂದ ವೀಳ್ಯದೆಲೆಯನ್ನು ಬೆಳಕಿಗೆ ಹಿಡಿದು ನೋಡಿದೆ. ನರಗಳ ಸಂದಿಯಲ್ಲಿ ತಿಳಿನೀಲಿ ಪುಡಿ ಒಣಗಿ ಕೂತಿತ್ತು. ನೀರಿನಲ್ಲಿ ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಸುಣ್ಣ ಬೆರೆತ ಮೇಲೆ ಅದು ಮಳೆಗೆ ಸುಲಭಕ್ಕೆ ತೊಳೆದುಹೋಗದೆ ಅಂಟಿಕೊಳ್ಳುತ್ತದೆ. ಆ ತಾಮ್ರ ಹೊಟ್ಟೆಗೆ ಹೋದರೆ ವಾಕರಿಕೆ, ವಾಂತಿ. ಆಮೇಲೆ "ಕಷಾಯ ಉಷ್ಣ ಆಯ್ತು" ಅನ್ನುತ್ತೇವೆ.

ಆದ್ದರಿಂದ ಮದ್ದಿನ ಸೊಪ್ಪು ಮನೆ ಅಂಗಳದ್ದೇ ಇರಲಿ, ತೋಟದ್ದು ಬೇಡ. ರಸ್ತೆ ಬದಿಯದ್ದು, ಬಚ್ಚಲ ನೀರು ಹರಿಯುವ ಕಡೆಯದ್ದೂ ಬೇಡ. ಮಳೆಗಾಲದಲ್ಲಿ ಎಲೆಯ ಅಡಿಗೆ ಬಸವನಹುಳು ಹರಿದಾಡಿರುತ್ತದೆ. ಎರಡೂ ಬದಿ ಬೆರಳಿನಿಂದ ತಿಕ್ಕಿ ತೊಳೆಯಿರಿ.

ಇನ್ನೊಂದು ಮೋಸ ಹೆಸರಿನದ್ದು. ಆಡುಸೋಗೆಗೆ 'ಆಡುಮುಟ್ಟದ ಸೊಪ್ಪು' ಅಂತಲೂ ಹೇಳುತ್ತಾರೆ, ಆಡು ಕೂಡ ತಿನ್ನದ ಗಿಡ ಎಂದು. 'ಆಡುಮುಟ್ಟದ ಬಳ್ಳಿ' ಅನ್ನುವುದು ಬೇರೆಯೇ ಇದೆ. ಅದನ್ನೂ ದಮ್ಮಿಗೆ ಬಳಸುತ್ತಾರೆ, ಆದರೆ ಎಲೆ ಸ್ವಲ್ಪ ಜಾಸ್ತಿಯಾದರೂ ಸಿಕ್ಕಾಪಟ್ಟೆ ವಾಂತಿ. ಆಡುಸೋಗೆ ಬಳ್ಳಿಯಲ್ಲ, ಪೊದೆ. ಎಲೆ ಉದ್ದ, ತುದಿ ಚೂಪು, ಎದುರುಬದುರು ಜೋಡಿಯಾಗಿ ಬರುತ್ತದೆ. ಬಿಳಿ ಹೂ, ಒಳಗೆ ನೇರಳೆ ಗೆರೆ. ಹೂವಿನ ಆಕಾರ ಸಿಂಹ ಬಾಯಿ ತೆರೆದ ಹಾಗೆ ಎಂದು ಸಂಸ್ಕೃತದಲ್ಲಿ ಇದಕ್ಕೆ 'ಸಿಂಹಾಸ್ಯ' ಎಂಬ ಹೆಸರೂ ಇದೆ. ಗುರುತು ಖಾತ್ರಿ ಇಲ್ಲದಿದ್ದರೆ ಗೊತ್ತಿದ್ದವರಿಗೆ ತೋರಿಸಿ. ಸುಮ್ನೆ ಫೋಟೋ ನೋಡಿ ಕೊಯ್ಯಬೇಡಿ.

3. ಕಷಾಯ ಪುಡಿ ಮಾಡಿಟ್ಟುಕೊಳ್ಳಿ

ಇದು ದಿನವೂ ಕುಡಿಯುವ, ಕಾಫಿ-ಚಹಾ ಬದಲಿಗೆ ಆಸರಿಗೆ ಕೊಡುವ ಕಷಾಯದ್ದು. ಕೊತ್ತಂಬರಿ ಬೀಜ 1 ಕಪ್, ಜೀರಿಗೆ ಅರ್ಧ ಕಪ್, ಮೆಣಸಿನಕಾಳು 2 ಚಮಚ, ಮೆಂತೆ 1 ಚಮಚ, ಏಲಕ್ಕಿ 6, ಹೆಬ್ಬೆರಳುದ್ದ ಒಣಶುಂಠಿ. ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿಯಿರಿ. ಏಲಕ್ಕಿ ಹುರಿಯುವುದು ಬೇಡ. ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಒಳಗೆ ಬೆವರಿ ಬೂಸಲು ಬರುತ್ತದೆ. ಹೊನ್ನಾವರ, ಕುಮಟಾದ ಕಡೆ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಆ ತಂಡಿಯಲ್ಲಿ ಆರು ತಿಂಗಳಿಗಾಗುವಷ್ಟು ಮಾಡಿಡಬೇಡಿ. ತಿಂಗಳಿಗಾಗುವಷ್ಟು ಸಾಕು, ಗಾಜಿನ ಬಾಟಲಿಯಲ್ಲಿ, ಒಣ ಚಮಚ ಹಾಕಿ. ಮುಗ್ಗಲು ವಾಸನೆ ಬಂದರೆ ಬಿಸಿಲಿಗಿಟ್ಟು ಬಳಸುವುದಲ್ಲ, ಚೆಲ್ಲಿಬಿಡಿ.

ಒಂದು ಲೋಟಕ್ಕೆ ಒಂದು ಸಣ್ಣ ಚಮಚ ಪುಡಿ, ಚೂರು ಬೆಲ್ಲ, ಐದು ನಿಮಿಷ ಕುದಿ. ಹಾಲು ಹಾಕಬಹುದಾ ಅಂತ ಬಹಳ ಜನ ಕೇಳುತ್ತಾರೆ. ಹಾಲು ಕಫ ಹುಟ್ಟಿಸುತ್ತದೆ ಅನ್ನುವುದು ಮನೆಮಾತು. ನಿಜವಾಗಿ ಹಾಲು ಎಂಜಲಿನ ಜೊತೆ ಸೇರಿ ಗಂಟಲಲ್ಲಿ ದಪ್ಪ ಅನ್ನಿಸುತ್ತದೆ, ಅಷ್ಟೇ. ಕುಡಿದು ಹಿತವಾದರೆ ಹಾಕಿ.

4. ಶೀತ ಹಿಡಿದಾಗಿನ ಹಸಿ ಕಷಾಯ

ಆಯುರ್ವೇದದಲ್ಲಿ ಸೊಪ್ಪು-ಬೇರಿನ ಸಾರ ತೆಗೆಯಲು ಐದು ಬಗೆ ಇವೆ. ನಮಗೆ ಬೇಕಾದದ್ದು ಮೂರು. 'ಸ್ವರಸ' ಎಂದರೆ ಹಿಂಡಿದ ರಸ. 'ಕ್ವಾಥ' ಎಂದರೆ ಕುದಿಸಿ ಬತ್ತಿಸಿದ್ದು. 'ಫಾಂಟ' ಎಂದರೆ ಬಿಸಿ ನೀರಿನಲ್ಲಿ ಹಾಕಿ ಮುಚ್ಚಿಟ್ಟದ್ದು. ಬೇರು, ಬೀಜ, ತೊಗಟೆಗೆ ಕುದಿ ಬೇಕು. ತುಳಸಿ, ದೊಡ್ಡಪತ್ರೆಯಂಥ ಘಮದ ಎಲೆಗೆ ಮುಚ್ಚಿಡುವುದೇ ಸರಿ. ಅವುಗಳ ಗುಣ ಇರುವುದು ಹಾರಿಹೋಗುವ ಎಣ್ಣೆಯಲ್ಲಿ. ಎಲ್ಲವನ್ನೂ ಒಟ್ಟಿಗೆ ಹಾಕಿ ಅರ್ಧ ಗಂಟೆ ತೆರೆದ ಪಾತ್ರೆಯಲ್ಲಿ ಕೊತಕೊತ ಕುದಿಸಿದರೆ ಮನೆಯೆಲ್ಲ ಘಮಘಮ, ಲೋಟದಲ್ಲಿ ಬರೀ ಕಹಿ.

ಇಬ್ಬರು ದೊಡ್ಡವರಿಗೆ ಒಂದು ಹೊತ್ತಿನ ಲೆಕ್ಕ ಹೀಗೆ. ನೀರು 2 ಲೋಟ, ಅಂದರೆ 400 ಮಿಲಿ. ಒಂದು ಇಂಚು ಹಸಿಶುಂಠಿ ಜಜ್ಜಿದ್ದು, ಮೆಣಸಿನಕಾಳು 6 ಒಡೆದದ್ದು, ಜೀರಿಗೆ ಅರ್ಧ ಚಮಚ, ಕೊತ್ತಂಬರಿ ಬೀಜ 1 ಚಮಚ, ಅರಿಶಿನ ಕಾಲು ಚಮಚ. ಸಣ್ಣ ಉರಿಯಲ್ಲಿ 10-12 ನಿಮಿಷ ಕುದಿಸಿ ಅರ್ಧಕ್ಕೆ ಇಳಿಸಿ. ಒಲೆ ಆರಿಸಿ. ಈಗ ತುಳಸಿ 10 ಎಲೆ, ದೊಡ್ಡಪತ್ರೆ 2 ಎಲೆ ಹರಿದು ಹಾಕಿ ತಟ್ಟೆ ಮುಚ್ಚಿ. ಐದು ನಿಮಿಷ ಬಿಟ್ಟು ಸೋಸಿ. ಒಬ್ಬರಿಗೆ ಅರ್ಧ ಲೋಟ, ದಿನಕ್ಕೆ ಎರಡು ಸಲ, ಊಟ-ತಿಂಡಿಯ ನಂತರ. ಮೂರರಿಂದ ಐದು ದಿನ.

ಅರಿಶಿನದ ಜೊತೆ ಮೆಣಸಿನಕಾಳು ಹಾಕುವುದು ರುಚಿಗಷ್ಟೇ ಅಲ್ಲ. ಅರಿಶಿನದ ಕರ್ಕ್ಯುಮಿನ್ ಮೈಗೆ ಹತ್ತುವುದು ಬಹಳ ಕಡಿಮೆ. ಮೆಣಸಿನಲ್ಲಿರುವ ಪೈಪರಿನ್ ಅದನ್ನು ಹತ್ತಿಸುತ್ತದೆ. ನಮ್ಮ ನೆಲದ ಮೆಣಸಿಗಾಗಿ ಪೋರ್ಚುಗೀಸರು ಹಡಗು ಕಟ್ಟಿಕೊಂಡು ಬಂದರು, ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 'ಕಾಳುಮೆಣಸಿನ ರಾಣಿ' ಎಂದು ಕರೆದರು. ಅಂಥ ವಸ್ತುವಿಗೆ ಆರು ಕಾಳು ಸಾಕು. ಇಪ್ಪತ್ತು ಹಾಕಿದರೆ ಮೂರು ಪಟ್ಟು ಗುಣ ಬರುವುದಿಲ್ಲ, ಎದೆಯುರಿ ಬರುತ್ತದೆ.

ಹಳೆಯ ಗ್ರಂಥಗಳಲ್ಲಿ ಒಂದು ಪಾಲು ಮದ್ದಿಗೆ 16 ಪಾಲು ನೀರು, ಎಂಟನೇ ಒಂದು ಪಾಲಿಗೆ ಬತ್ತಿಸಬೇಕು ಎಂಬ ಲೆಕ್ಕ ಇದೆ. ಅದು ವೈದ್ಯರು ನಾಡಿ ನೋಡಿ ಕೊಡುವ ಔಷಧದ ಹದ. ಅಡುಗೆಮನೆಯಲ್ಲಿ ಅರ್ಧಕ್ಕೆ ನಿಲ್ಲಿಸಿ.

ಜೇನು ಹಾಕುವುದಾದರೆ ಕಷಾಯ ಉಗುರುಬೆಚ್ಚಗಾದ ಮೇಲೆ. ಬೆಳಿಗ್ಗೆ ಮಾಡಿದ್ದನ್ನು ಸಂಜೆವರೆಗೆ ಇಡಬಹುದು, ಮಾರನೇ ದಿನಕ್ಕೆ ಬೇಡ.

5. ಕೆಮ್ಮು ಒಣದೋ, ಕಫದ್ದೋ?

ಚರಕ ಸಂಹಿತೆಯಲ್ಲಿ ಕೆಮ್ಮಿಗೆ 'ಕಾಸ' ಎಂಬ ಹೆಸರು. ಅದರಲ್ಲಿ ಐದು ಬಗೆ. ಕೊನೆಯ ಎರಡು, ಎದೆಗೆ ಪೆಟ್ಟು ಬಿದ್ದು ಬಂದದ್ದು ಮತ್ತು ಮೈ ಸವೆದು ಬಂದದ್ದು, ವೈದ್ಯರಿಗೂ ಕಷ್ಟದ್ದೇ. ಮನೆಮಟ್ಟಿಗೆ ನೀವು ಬಿಡಿಸಿ ನೋಡಬೇಕಾದದ್ದು ಒಂದೇ: ಕಫ ಬರುತ್ತದೋ ಇಲ್ಲವೋ. ಇಲ್ಲಿ ಎಡವುವವರೇ ಜಾಸ್ತಿ. ಒಣಕೆಮ್ಮಿಗೆ ಶುಂಠಿ-ಮೆಣಸಿನ ಖಾರದ ಕಷಾಯ ಕುಡಿದರೆ ಕೆರೆದ ಗಂಟಲನ್ನು ಇನ್ನಷ್ಟು ಕೆರೆದ ಹಾಗೆ.

ಒಣಕೆಮ್ಮಿಗೆ ತಂಪು, ಜಿಡ್ಡು, ಸಿಹಿ ಬೇಕು. ರಾತ್ರಿ ಮಲಗುವ ಮೊದಲು ಜೇನು: ದೊಡ್ಡವರಿಗೆ ಎರಡು ಚಮಚ, 6ರಿಂದ 11 ವರ್ಷದವರಿಗೆ ಒಂದು ಚಮಚ, 1ರಿಂದ 5 ವರ್ಷದವರಿಗೆ ಅರ್ಧ ಚಮಚ. ಮಕ್ಕಳ ರಾತ್ರಿ ಕೆಮ್ಮಿಗೆ ಇದು ನಾಟುತ್ತದೆ ಎಂದು ಇಂದಿನ ಡಾಕ್ಟರುಗಳೂ ಒಪ್ಪುತ್ತಾರೆ. ತುಡುವೆ ಜೇನಾದರೂ ಸರಿ, ಹೆಜ್ಜೇನಾದರೂ ಸರಿ. ಇಲ್ಲವಾದರೆ ಜ್ಯೇಷ್ಠಮಧುವಿನ ಸಣ್ಣ ತುಂಡು ದವಡೆಯಲ್ಲಿಟ್ಟು ರಸ ನುಂಗಿ, ದಿನಕ್ಕೆ ಎರಡು ಸಲ, ಒಂದು ವಾರದ ಮೇಲೆ ಬೇಡ. ಇದು ಜಾಸ್ತಿ ದಿನ ಹೋದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು, ಬಸುರಿಯರು ಮುಟ್ಟಲೇಬಾರದು.

ಕಫದ ಕೆಮ್ಮಿಗೆ ಆಡುಸೋಗೆ. ಕೆಮ್ಮಿನ ಮಾತ್ರೆ, ಸಿರಪ್ಪುಗಳಲ್ಲಿ ಬ್ರೋಮ್‌ಹೆಕ್ಸಿನ್ ಎಂಬ ಹೆಸರು ನೋಡಿರುತ್ತೀರಿ. ಆಡುಸೋಗೆಯ ವಾಸಿಸಿನ್ ಎಂಬ ಸತ್ವವನ್ನು ಮಾದರಿಯಾಗಿಟ್ಟುಕೊಂಡು ತಯಾರಿಸಿದ್ದು ಅದು. ಕಫ ತೆಳುವಾಗಿಸುತ್ತದೆ.

ಈ ಎಲೆಯನ್ನು ಹಸಿಯಾಗಿ ಎಷ್ಟು ಹಿಂಡಿದರೂ ರಸ ಬರುವುದಿಲ್ಲ. ಬಾಡಿಸಬೇಕು. ಬಲಿತ ಎಲೆ ಐದಾರು ತೊಳೆದು, ನೀರು ಒರೆಸಿ, ಬಾಳೆಲೆಯ ತುಂಡಿನಲ್ಲಿ ಮಡಿಸಿ ಬಾಳೆನಾರಿನಿಂದ ಕಟ್ಟಿ. ಬಚ್ಚಲೊಲೆಯ ಬಿಸಿಬೂದಿಯಲ್ಲಿ ಹುದುಗಿಸಿ, ಇಲ್ಲವೇ ಕಾವಲಿಯ ಮೇಲೆ ಮಗುಚುತ್ತಾ ಇಡಿ. ಹೊರಗಿನ ಬಾಳೆಲೆ ಕಂದಾಗಿ, ಒಳಗಿಂದ ಸಣ್ಣಗೆ ಸುಂಯ್ ಅನ್ನುವ ಸದ್ದು ನಿಲ್ಲುತ್ತಾ ಬಂದಾಗ ತೆಗೆಯಿರಿ. ಬಿಚ್ಚಿದರೆ ಎಲೆಗಳು ಕಡುಹಸಿರಾಗಿ, ಒದ್ದೆ ಬಟ್ಟೆಯ ಹಾಗೆ ಒಂದಕ್ಕೊಂದು ಅಂಟಿರುತ್ತವೆ. ಒರಳಿನಲ್ಲಿ ಜಜ್ಜಿ ತೆಳು ಬಟ್ಟೆಯಲ್ಲಿ ಹಿಂಡಿ. ಎರಡು ಚಮಚದಷ್ಟು ರಸ ಸಿಗುತ್ತದೆ, ನಾಲಿಗೆ ಮರಗಟ್ಟುವಷ್ಟು ಕಹಿ. ದೊಡ್ಡವರಿಗೆ ಒಂದು ಚಮಚ ರಸಕ್ಕೆ ಒಂದು ಚಮಚ ಜೇನು, ದಿನಕ್ಕೆ ಎರಡು ಸಲ, ನಾಲ್ಕು ದಿನ. ಬಸುರಿಯರಿಗೆ ಇದು ಖಂಡಿತ ಬೇಡ. ಗರ್ಭಕೋಶ ಕುಗ್ಗಿಸುವ ಗುಣ ಇದೆ. ಮಕ್ಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.

ಅಂಗಡಿಯಿಂದ ಸಿತೋಪಲಾದಿ ಚೂರ್ಣ ತರುವವರಿಗೆ ಒಂದು ಮಾತು. ಅದರಲ್ಲಿ ಕಲ್ಲುಸಕ್ಕರೆ 16 ಪಾಲು, ಬಿದಿರಿನ ಗೆಣ್ಣಿನೊಳಗೆ ಸಿಗುವ ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಶುಗರ್ ಇದ್ದವರು ಗಮನಿಸಿ. ಬೆಲ್ಲ, ಜೇನಿಗೂ ಇದೇ ಮಾತು.

6. ಗಂಟಲಿಗೆ, ಮೂಗಿಗೆ

ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ದಿನಕ್ಕೆ ಮೂರು-ನಾಲ್ಕು ಸಲ ಬಾಯಿ ಮುಕ್ಕಳಿಸಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ನೆಚ್ಚಬಹುದಾದ ಮದ್ದು ಇನ್ನೊಂದಿಲ್ಲ.

ಹಬೆಗೆ ಲಕ್ಕಿ ಸೊಪ್ಪು ಅಥವಾ ತುಳಸಿ ಸಾಕು. ನೀರು ಕುದಿಸಿ ಪಾತ್ರೆಯನ್ನು ಒಲೆಯಿಂದ ಇಳಿಸಿ, ಅಲುಗಾಡದ ಮೇಜಿನ ಮೇಲಿಟ್ಟು ಕೂತು ತೆಗೆದುಕೊಳ್ಳಿ. ಮಡಿಲಲ್ಲಿ ಇಟ್ಟುಕೊಳ್ಳಬೇಡಿ. ಮಕ್ಕಳನ್ನು ಹೊದಿಕೆಯೊಳಗೆ ಕೂರಿಸಿ ಹಬೆ ಕೊಡುವುದು ಬೇಡವೇ ಬೇಡ, ಪಾತ್ರೆ ಮಗುಚಿದರೆ ತೊಡೆ ಸುಡುತ್ತದೆ. ಅವರಿಗೆ ಬಚ್ಚಲಲ್ಲಿ ಬಿಸಿನೀರು ಕಾದಿರುವಾಗಿನ ಬೆಚ್ಚನೆ ಗಾಳಿಯೇ ಸಾಕು. ಮಗುವಿನ ಮೂಗಿಗೆ, ಎದೆಗೆ ಕರ್ಪೂರ, ನೀಲಗಿರಿ ಎಣ್ಣೆ ಹಚ್ಚಬೇಡಿ. ಮೂಗು ಒರೆಸಿ ಒರೆಸಿ ಚರ್ಮ ಸುಲಿದಿದ್ದರೆ ಚೂರು ಮುರುಗಲ ತುಪ್ಪ ಬೆರಳಲ್ಲಿ ಕರಗಿಸಿ ಹಚ್ಚಿ, ರಾತ್ರಿ ಕಳೆಯುವಷ್ಟರಲ್ಲಿ ಉರಿ ಇಳಿಯುತ್ತದೆ.

7. ಊಟ

ಹಸಿವಿದ್ದಷ್ಟು ತಿನ್ನಿ. ಕುಚ್ಚಲಕ್ಕಿ ಗಂಜಿಯ ತಿಳಿ, ಮೆಣಸಿನ ಸಾರು ನಡೆಯುತ್ತದೆ. ದೊಡ್ಡಪತ್ರೆ, ನಮ್ಮ ಕಡೆಯ ಕೆಲವರ ಬಾಯಲ್ಲಿ ಸಾಂಬಾರ ಸೊಪ್ಪು, ಅದರ ತಂಬುಳಿ ಮಾಡಿ. ಎಂಟು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಮೆಣಸಿನಕಾಳನ್ನು ತುಪ್ಪದಲ್ಲಿ ಎಲೆ ಬಾಡುವಷ್ಟು ಹುರಿದು, ಎರಡು ಚಮಚ ಕಾಯಿತುರಿ ಜೊತೆ ಬೀಸಿ, ಹುಳಿಯಾಗದ ಮಜ್ಜಿಗೆಗೆ ಕಲಸಿ ಉಪ್ಪು ಹಾಕಿ. ಕುದಿಸುವುದು ಬೇಡ. ಮೊದಲ ಅನ್ನಕ್ಕೆ ಇದನ್ನೇ ಹಾಕಿಕೊಳ್ಳಿ. ಫ್ರಿಜ್ಜಿನ ಮಜ್ಜಿಗೆ ಮಾತ್ರ ಬೇಡ.

8. ಯಾರು ಹುಷಾರಾಗಿರಬೇಕು?

ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬೇಡಿ, ಬೆರಳ ತುದಿಯಷ್ಟೂ ಬೇಡ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಾಣು ಎಳೆ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸುತ್ತದೆ. ಕುದಿಸಿದರೂ ಆ ಬೀಜಾಣು ಸಾಯುವುದಿಲ್ಲ. ಶಿಶುವಿಗೆ ಬಜೆ ತೇಯ್ದು ನೆಕ್ಕಿಸುವುದು, ನಿದ್ದೆಗೆ ಜಾಯಿಕಾಯಿ ತೇಯ್ದು ಕೊಡುವುದು ಇನ್ನೂ ನಡೆದಿದೆ. ಹಿರಿಯರ ಮನಸ್ಸು ನೋಯಿಸದೆ ತಪ್ಪಿಸಿ. ಆರು ತಿಂಗಳೊಳಗಿನ ಮಗುವಿಗೆ ತಾಯಿ ಹಾಲೇ ಮದ್ದು. ದೊಡ್ಡಪತ್ರೆ ರಸ ಕೇಳಿದ್ದಿರಲ್ಲ, ಎರಡು ವರ್ಷ ದಾಟಿದ ಮಗುವಿಗೆ ಒಂದು ಎಲೆ ಕೆಂಡದ ಮೇಲೆ ಬಾಡಿಸಿ ಹಿಂಡಿದ ಏಳೆಂಟು ಹನಿ, ಜೇನಿನಲ್ಲಿ ಕಲಸಿ. ಅಷ್ಟೇ.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅರಿಶಿನ, ಶುಂಠಿಯನ್ನು ಅಡುಗೆಯ ಮಟ್ಟಕ್ಕೆ ನಿಲ್ಲಿಸಿ. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿದು ಯಕೃತ್ತಿಗೆ ತೊಂದರೆ ಮಾಡಿಕೊಂಡವರಿದ್ದಾರೆ. ಶೀತಕ್ಕೆ ಅದರ ಅಗತ್ಯವೂ ಇಲ್ಲ. ಮಾತ್ರೆ ನುಂಗುವವರು ಡಾಕ್ಟರ ಹತ್ತಿರ ಹೋದಾಗ "ಕಷಾಯವೂ ಕುಡಿಯುತ್ತಿದ್ದೇನೆ" ಅಂತ ಹೇಳಿ. ಬೈದರೂ ಪರವಾಗಿಲ್ಲ, ಮುಚ್ಚಿಡಬೇಡಿ.

9. ಕಡ್ಡಿ ನೆಡುವುದು ಈಗಲೇ

ಮಳೆ ಹಿಡಿದಾಗ ಕಡ್ಡಿ ಬೇಗ ಬೇರು ಬಿಡುತ್ತದೆ. ಆಡುಸೋಗೆಯದ್ದು ಕಿರುಬೆರಳು ಗಾತ್ರದ, ನಾಲ್ಕು ಗೆಣ್ಣಿರುವ ಗಟ್ಟಿ ಕಡ್ಡಿ, ಎರಡು ಗೆಣ್ಣು ಮಣ್ಣಿನೊಳಗೆ. ಬೇಲಿಯ ಸಾಲಿನಲ್ಲಿ ಊರಿದರೆ ದನ ತಿನ್ನುವ ಹೆದರಿಕೆಯಿಲ್ಲ. ದೊಡ್ಡಪತ್ರೆಯ ತುದಿಯನ್ನು ನಾಲ್ಕು ಬೆರಳುದ್ದ ಮುರಿದು, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಕುಂಡದಲ್ಲಿ ಚುಚ್ಚಿ. ಇದು ಮಾತ್ರ ಸೂರಿನ ಒಳಗಿರಲಿ. ಆರಿದ್ರಾ ಮಳೆ ಮೇಲೆ ಸುರಿದರೆ ಬುಡ ಕೊಳೆತುಹೋಗುತ್ತದೆ. ಎರಡನ್ನೂ ತೋಟದಿಂದ ದೂರ, ಬೋರ್ಡೊ ಗಾಳಿ ಬೀಸದ ಕಡೆ ಇಡಿ.